ಹೂಗಿಡಕ್ಕೂ ಒಂದು ತವರು



ಒಂದೆರಡು ಹೂಗಿಡ ಬೆಳೆಸಬೇಕೆಂಬ ಆಸೆ ನಿಮ್ಮಲ್ಲಿ ಹಲವರಿಗೆ ಇದ್ದೀತು. ಮನೆಯ ಮುಂದೆ ನಾಲ್ಕು ಅಡಿ ಜಾಗ ಇರಬಹುದು. ಅದೂ ಇಲ್ಲದಿದ್ದರೆ ತಾರಸಿಯ ಮೂಲೆ, ಹಾಸ್ಟೆಲಿನ ಕಿಟಕಿ, ಮೆಟ್ಟಿಲ ಪಕ್ಕ. ಹೊಸದಾಗಿ ಕೈಹಾಕುವವರು ಸಾಮಾನ್ಯವಾಗಿ ಮೂರು ಪ್ರಶ್ನೆ ಕೇಳುತ್ತಾರೆ. ನೀರು ಎಷ್ಟು ಹಾಕಬೇಕು? ಬಿಸಿಲು ಎಷ್ಟು ಬೇಕು? ಗೊಬ್ಬರ ಯಾವುದು? ಮೂರೂ ಒಳ್ಳೆಯ ಪ್ರಶ್ನೆಗಳೇ. ಆದರೆ ಇವುಗಳಿಗಿಂತ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಉಂಟು. ಈ ಗಿಡದ ತವರು ಯಾವುದು? ಅದು ಯಾವ ನೆಲದಲ್ಲಿ ಹುಟ್ಟಿತು, ಅಲ್ಲಿ ಮಳೆ ಯಾವಾಗ ಬರುತ್ತದೆ, ಯಾರು ಅದನ್ನು ಇಲ್ಲಿಗೆ ತಂದರು? ಇದಕ್ಕೆ ಉತ್ತರ ಸಿಕ್ಕರೆ ಆ ಮೂರು ಪ್ರಶ್ನೆಗಳಿಗೆ ಮುಕ್ಕಾಲು ಉತ್ತರ ತಾನಾಗಿ ಸಿಗುತ್ತದೆ. ಇತಿಹಾಸದ ಪಾಠಕ್ಕೂ ಕುಂಡದ ಮಣ್ಣಿಗೂ ಏನು ಸಂಬಂಧ ಎಂದು ಹುಬ್ಬೇರಿಸಬೇಡಿ. ದೂರದರ್ಶನದ ಪರದೆಯ ಮೇಲೆ ಹೂವಿನ ಬಣ್ಣವನ್ನು ಚೆನ್ನಾಗಿ ತೋರಿಸಬಹುದು, ಅದರ ಪ್ರಯಾಣವನ್ನು ತೋರಿಸುವುದು ಕಷ್ಟ. ಆ ಕೆಲಸಕ್ಕೆ ಈ ಪುಟಗಳೇ ಸರಿ.

ತೀರಾ ಪರಿಚಿತವಾದ ಚೆಂಡು ಹೂವಿನಿಂದಲೇ ಆರಂಭಿಸೋಣ. ಆಯುಧಪೂಜೆಯ ದಿನ ಬಸ್ಸಿನ ಮುಂಭಾಗಕ್ಕೆ, ಕಾರ್ಖಾನೆಯ ಯಂತ್ರಕ್ಕೆ, ನಿಮ್ಮ ಸೈಕಲ್ಲಿನ ಹ್ಯಾಂಡಲ್ಲಿಗೆ ಕಟ್ಟುವುದು ಇದನ್ನೇ. ದೀಪಾವಳಿಗೆ ಬಾಗಿಲ ತೋರಣದಲ್ಲಿ ಮಾವಿನೆಲೆಯ ನಡುವೆ ಕೂರುವುದೂ ಇದೇ. ಇಷ್ಟೊಂದು ನಮ್ಮದಾಗಿರುವ ಈ ಹೂವು ನಮ್ಮ ನಾಡಿನದಲ್ಲ. ಅದರ ತವರು ಮೆಕ್ಸಿಕೊ. ಅಲ್ಲಿನ ಆಜ್ಟೆಕ್ ಜನ ತಮ್ಮ ಭಾಷೆಯಲ್ಲಿ ಇದಕ್ಕೆ 'ಇಪ್ಪತ್ತು ಹೂ' ಎಂಬ ಅರ್ಥ ಬರುವ ಹೆಸರಿಟ್ಟಿದ್ದರು; ಎಸಳು ಬಹಳ ಎಂಬ ಭಾವ. ಇಂದಿಗೂ ಮೆಕ್ಸಿಕೊದಲ್ಲಿ ನವೆಂಬರ್ 1 ಮತ್ತು 2ರಂದು ಗತಿಸಿದ ಹಿರಿಯರನ್ನು ನೆನೆಯುವ ಹಬ್ಬ ನಡೆಯುತ್ತದೆ. ಅಂದು ಸಮಾಧಿಯಿಂದ ಮನೆಯವರೆಗೆ ಚೆಂಡು ಹೂವಿನ ಎಸಳುಗಳಿಂದ ದಾರಿ ಹಾಸುತ್ತಾರೆ. ಆ ಬಣ್ಣ, ಆ ವಾಸನೆ ಹಿಡಿದು ಹಿರಿಯರು ಮನೆಗೆ ಬರುತ್ತಾರೆಂಬ ನಂಬಿಕೆ. ನಮ್ಮ ಮಹಾಲಯ ಅಮಾವಾಸ್ಯೆಯೂ ದೀಪಾವಳಿಯೂ ಅದೇ ಋತುವಿನಲ್ಲೇ ಬರುತ್ತವೆ ಎಂಬುದನ್ನು ಗಮನಿಸಿ.

ಇದು ಕೇವಲ ಆಕಸ್ಮಿಕವಲ್ಲ. ಮಧ್ಯ ಮೆಕ್ಸಿಕೊ ನಮ್ಮ ದಖ್ಖನ್ನಿನ ಹಾಗೆಯೇ ಎತ್ತರದ ಪ್ರಸ್ಥಭೂಮಿ. ಅಲ್ಲಿಯೂ ಬೇಸಿಗೆಯ ಕೊನೆಗೆ ಮಳೆ ಶುರುವಾಗಿ ಅಕ್ಟೋಬರ್ ಹೊತ್ತಿಗೆ ನಿಲ್ಲುತ್ತದೆ. ಮಳೆಯಲ್ಲಿ ಮೊಳೆತು, ಮಳೆ ನಿಲ್ಲುವಾಗ ಹೂಬಿಡುವುದು ಈ ಗಿಡದ ಹುಟ್ಟುಗುಣ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳ ಮೂಲಕ ಇದು ನಮ್ಮ ಪಶ್ಚಿಮ ಕರಾವಳಿಗೆ ಬಂದಿರಬೇಕೆಂಬುದು ಸಾಮಾನ್ಯವಾದ ಅಭಿಪ್ರಾಯ. ಬಂದ ಗಿಡಕ್ಕೆ ಇಲ್ಲಿನ ಮುಂಗಾರು ತವರಿನ ಮಳೆಯಂತೆಯೇ ಕಂಡಿತು. ಅದು ಹೂಬಿಟ್ಟ ಹೊತ್ತಿಗೆ ಇಲ್ಲಿ ದೊಡ್ಡ ಹಬ್ಬಗಳ ಸಾಲು ಕಾದು ನಿಂತಿತ್ತು. ಇಂಗ್ಲಿಷರು ಇದೇ ಹೂವನ್ನು 'ಆಫ್ರಿಕನ್ ಮಾರಿಗೋಲ್ಡ್' ಎಂದು ಕರೆದರು, ಇದರ ಗಿಡ್ಡ ಜಾತಿಯ ತಂಗಿಯನ್ನು 'ಫ್ರೆಂಚ್ ಮಾರಿಗೋಲ್ಡ್' ಎಂದರು. ಎರಡೂ ಹೆಸರು ತಪ್ಪು; ಎರಡರ ತವರೂ ಅಮೆರಿಕವೇ. ಹೂವು ಯಾವ ಬಂದರಿನಿಂದ ತಮ್ಮ ಕೈಗೆ ಬಂತೋ ಅದೇ ಅದರ ಊರು ಎಂದು ತಿಳಿಯುವ ಅಭ್ಯಾಸ ಎಲ್ಲ ದೇಶಗಳ ಜನರಲ್ಲಿಯೂ ಇದೆ.

ಮೆಕ್ಸಿಕೊ ನಮ್ಮ ಅಂಗಳಕ್ಕೆ ಕಳಿಸಿದ್ದು ಇದೊಂದೇ ಅಲ್ಲ. ಜಿನಿಯಾ, ಕಾಸ್ಮಾಸ್ ಅಲ್ಲಿಯವು. ಮದುವೆಯ ಹಾರಗಳಲ್ಲಿ ಕಂಪು ಸೂಸುವ ಸುಗಂಧರಾಜವೂ ಅಲ್ಲಿಯದೇ. ಹೆಸರು ಅಚ್ಚ ಸಂಸ್ಕೃತ, ಹುಟ್ಟು ಮಾತ್ರ ಸಾಗರದಾಚೆ! ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಈ ವಿದೇಶಿ ಗಡ್ಡೆಯಿಂದ ಶೃಂಗಾರ್, ಪ್ರಜ್ವಲ್ ಮುಂತಾದ ತಳಿಗಳನ್ನು ರೂಪಿಸಿ ನಮ್ಮ ರೈತರ ಹೊಲಕ್ಕೆ ಕೊಟ್ಟಿದೆ.

ಇನ್ನು ಡೇಲಿಯಾ. ಮಲೆನಾಡಿನ ವಿದ್ಯಾರ್ಥಿಗಳಿಗೆ 'ಡೇರೆ ಹೂ' ಎಂದರೆ ಬೇಗ ಗೊತ್ತಾಗುತ್ತದೆ. 1789ರಲ್ಲಿ ಮೆಕ್ಸಿಕೊ ನಗರದ ಸಸ್ಯೋದ್ಯಾನದಿಂದ ಇದರ ಬೀಜ ಸ್ಪೇನಿನ ಮ್ಯಾಡ್ರಿಡ್‌ಗೆ ಹೋಯಿತು. 1791ರಲ್ಲಿ ಅಲ್ಲಿನ ಸಸ್ಯಶಾಸ್ತ್ರಜ್ಞ ಕವಾನಿಲ್ಲೆಸ್, ಆಂಡರ್ಸ್ ಡಾಲ್ ಎಂಬ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞನ ನೆನಪಿಗೆ ಆ ಹೆಸರಿಟ್ಟ. ಗಡ್ಡೆ ಕಂಡ ಯೂರೋಪಿನವರು ಆಲೂಗಡ್ಡೆಯ ಹಾಗೆ ತಿನ್ನಲು ಬರುತ್ತದೋ ಎಂದೂ ಪರೀಕ್ಷಿಸಿದರು. ರುಚಿ ಹಿಡಿಸಲಿಲ್ಲ, ಹೂವು ಹಿಡಿಸಿತು. ಡೇಲಿಯಾದ ಗಡ್ಡೆ ಏಕಿದೆ ಎಂದು ಯೋಚಿಸಿ. ತವರಿನ ಒಣಗಾಲವನ್ನು ನೆಲದೊಳಗೆ ಮಲಗಿ ಕಳೆಯಲು. ಹಾಗಾದರೆ ಎಲೆ, ಕಾಂಡ ಒಣಗಿದ ಮೇಲೂ 'ಪಾಪ, ಬಾಡಿದೆ' ಎಂದು ದಿನವೂ ನೀರೆರೆದರೆ ಆಗುವುದೇನು? ನಿದ್ದೆಯಲ್ಲಿರುವ ಗಡ್ಡೆ ಕೊಳೆಯುತ್ತದೆ. ಸಾಗರ, ಶಿರಸಿ, ತೀರ್ಥಹಳ್ಳಿ ಕಡೆಯ ಗೃಹಿಣಿಯರು ಇದನ್ನು ಯಾವ ಪುಸ್ತಕ ನೋಡದೆಯೂ ಬಲ್ಲರು. ಗಡ್ಡೆ ಕಿತ್ತು, ನೆರಳಲ್ಲಿ ಒಣಗಿಸಿಟ್ಟು, ಮುಂಗಾರಿನ ಹೊತ್ತಿಗೆ ನೆಂಟರೊಂದಿಗೆ ಬಣ್ಣ ಬಣ್ಣದ ಗಡ್ಡೆಗಳನ್ನು ವಿನಿಮಯ ಮಾಡಿಕೊಂಡು ಮತ್ತೆ ನೆಡುತ್ತಾರೆ. ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ ನನ್ನಂಥವನಿಗೆ 'ಸುಪ್ತಾವಸ್ಥೆ' ಎಂಬ ಪದ ಗೊತ್ತು. ಗಡ್ಡೆ ಯಾವ ವಾರ ಕಣ್ಣು ಬಿಡುತ್ತದೆ ಎಂದು ಗೊತ್ತಿರುವುದು ಆ ತಾಯಂದಿರಿಗೆ.

ಹಾಗಿದ್ದರೆ ಹಡಗುಗಳು ಬರುವ ಮುನ್ನ ಕನ್ನಡ ನಾಡಿನಲ್ಲಿ ಹೂದೋಟವೇ ಇರಲಿಲ್ಲವೆ? ಧಾರಾಳವಾಗಿ ಇತ್ತು. 1025ರ ಸುಮಾರಿನಲ್ಲಿ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಚಾವುಂಡರಾಯ ಎಂಬ ಕವಿ 'ಲೋಕೋಪಕಾರ' ಎಂಬ ಕನ್ನಡ ಗ್ರಂಥ ಬರೆದ. (ಗೊಮ್ಮಟೇಶ್ವರನ ಮೂರ್ತಿ ಮಾಡಿಸಿದ ಚಾವುಂಡರಾಯ ಬೇರೆ, ಈತ ಬೇರೆ, ಪರೀಕ್ಷೆಯಲ್ಲಿ ಗೊಂದಲ ಮಾಡಿಕೊಳ್ಳಬೇಡಿ.) ಅಡುಗೆ, ಸುಗಂಧದ್ರವ್ಯ, ನೆಲದಡಿಯ ನೀರು ಗುರುತಿಸುವ ವಿದ್ಯೆ ಇವುಗಳ ಜೊತೆಗೆ ಅದರಲ್ಲಿ ವೃಕ್ಷಾಯುರ್ವೇದವೂ ಸೇರಿದೆ, ಎಂದರೆ ಗಿಡಮರಗಳ ಆರೈಕೆ ಮತ್ತು ರೋಗೋಪಚಾರದ ಶಾಸ್ತ್ರ. ಸಾವಿರ ವರ್ಷಗಳ ಹಿಂದೆಯೇ ಕನ್ನಡದಲ್ಲಿ ತೋಟಗಾರಿಕೆಯ ಕೈಪಿಡಿ ಇತ್ತೆಂಬುದನ್ನು ನಮ್ಮ ಪಠ್ಯಪುಸ್ತಕಗಳು ಇನ್ನಷ್ಟು ಗಟ್ಟಿಯಾಗಿ ಹೇಳಬೇಕಾಗಿತ್ತೆಂದು ನನಗನ್ನಿಸುತ್ತದೆ.

1443ರಲ್ಲಿ ಹೆರಾತ್‌ನ ದೊರೆ ಶಾರೂಖನ ರಾಯಭಾರಿಯಾಗಿ ಅಬ್ದುರ್ ರಜಾಕ್ ವಿಜಯನಗರಕ್ಕೆ ಬಂದ. ಎರಡನೆಯ ದೇವರಾಯನ ಕಾಲ ಅದು. ಪೇಟೆಯಲ್ಲಿ ಎಲ್ಲಿ ನೋಡಿದರೂ ಗುಲಾಬಿ ಮಾರುವವರನ್ನು ಕಂಡು ಆತ ಬೆರಗಾದ. ಈ ಊರಿನವರಿಗೆ ಗುಲಾಬಿ ಅನ್ನದಷ್ಟೇ ಅಗತ್ಯ ಎಂಬರ್ಥದ ಮಾತು ಬರೆದಿಟ್ಟ. ಗುಲಾಬಿಗೆ ಹೆಸರಾದ ಪಾರಸಿ ಸಂಸ್ಕೃತಿಯಲ್ಲಿ ಬೆಳೆದವನೊಬ್ಬ ಹೀಗೆ ಬರೆದನೆಂದರೆ ವಿಜಯನಗರದ ಹೂವಿನ ವ್ಯಾಪಾರ ಎಷ್ಟಿದ್ದಿರಬೇಕು! 'ಗುಲಾಬಿ' ಎಂಬ ಮಾತೂ ಪಾರಸಿಯಿಂದಲೇ ಬಂದದ್ದು: ಗುಲ್ ಎಂದರೆ ಹೂವು, ಆಬ್ ಎಂದರೆ ನೀರು. ಪನ್ನೀರಿನ ಹೆಸರು ನಮ್ಮಲ್ಲಿ ಹೂವಿಗೇ ನಿಂತುಬಿಟ್ಟಿತು.

ಈ ನೆಲದ ಆಸುಪಾಸಿನ ಹೂಗಳೂ ಇವೆ. ಕನಕಾಂಬರ ದಕ್ಷಿಣ ಭಾರತ, ಶ್ರೀಲಂಕಾಗಳ ಕಾಡುಗಳಲ್ಲಿ ಸಹಜವಾಗಿ ಬೆಳೆಯುವ ಗಿಡ; ಮರದಡಿಯ ಅರೆನೆರಳು ಕಂಡ ಜಾತಿಯಾದ್ದರಿಂದ ಒಂದಿಷ್ಟು ನೆರಳನ್ನು ಸಹಿಸುತ್ತದೆ. ಅದರ ಒಣಗಿದ ಕಾಯಿಯನ್ನು ನೀರಿಗೆ ಹಾಕಿದರೆ ಚಟ್ಟೆಂದು ಸಿಡಿದು ಬೀಜ ಚಿಮ್ಮುತ್ತದೆ. ಮಳೆ ಬಂದಾಗಲೇ ಬಿತ್ತನೆಯಾಗಲಿ ಎಂದು ಗಿಡ ಮಾಡಿಕೊಂಡಿರುವ ಏರ್ಪಾಟು ಅದು. ಪೇಟೆಯಲ್ಲಿ ಹೆಚ್ಚಾಗಿ ಕಾಣುವ 'ಡೆಲ್ಲಿ ಕನಕಾಂಬರ' ಮಾತ್ರ ಬೀಜ ಕಟ್ಟುವುದಿಲ್ಲ. ಅದರ ಕಣಗಳಲ್ಲಿ ವರ್ಣತಂತುಗಳು ಎರಡರ ಬದಲು ಮೂರು ಜೊತೆ ಇರುವುದೇ ಕಾರಣ. ಅದನ್ನು ಕಡ್ಡಿಯಿಂದಲೇ ಬೆಳೆಸಬೇಕು. ಕರ್ಣಕುಂಡಲ, ಅಂದರೆ ಬಾಲ್ಸಮ್, ಇನ್ನೊಂದು ಸ್ವದೇಶಿ. ಮುಟ್ಟಿದರೆ ಸಿಡಿಯುವ ಅದರ ಕಾಯಿಯೊಡನೆ ಆಡದ ಹಳ್ಳಿಯ ಮಕ್ಕಳಿಲ್ಲ. ಮಲ್ಲಿಗೆಯ ವಿಷಯ ಬೇರೆಯೇ ಒಂದು ಸಂಚಿಕೆಗೆ ಆಗುವಷ್ಟಿದೆ. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ, ಹಡಗಲಿ ಮಲ್ಲಿಗೆ ಈ ಮೂರಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಉಡುಪಿಯ ಶಂಕರಪುರದ ಕಡೆ ಮಲ್ಲಿಗೆಯನ್ನು ಮೊಳದಲ್ಲಲ್ಲ, 'ಅಟ್ಟೆ'ಯ ಲೆಕ್ಕದಲ್ಲಿ ಮಾರುತ್ತಾರೆ. ಅಟ್ಟೆಗೆ ಇಂದು ಎಷ್ಟು ಎಂಬುದು ಅಲ್ಲಿನ ಮನೆಮನೆಯ ದಿನದ ಸುದ್ದಿ. ಎಷ್ಟೋ ಹೆಣ್ಣುಮಕ್ಕಳ ಕಾಲೇಜು ಫೀಸು ಈ ಅಟ್ಟೆಯಿಂದಲೇ ಹುಟ್ಟಿದ್ದು.

ಈಗ ಬೆಂಗಳೂರಿಗೆ ಬನ್ನಿ. 1760ರಲ್ಲಿ ಹೈದರಾಲಿ ಸುಮಾರು 40 ಎಕರೆಯಲ್ಲಿ ಲಾಲ್‌ಬಾಗ್ ಆರಂಭಿಸಿದ. ಸಿರಾದಲ್ಲಿದ್ದ ಮೊಗಲ್ ಮಾದರಿಯ ತೋಟ ಅವನಿಗೆ ಪ್ರೇರಣೆ ಎನ್ನುತ್ತಾರೆ. ಟಿಪ್ಪು ಸುಲ್ತಾನ ಹೊರದೇಶಗಳಿಗೆ ಹೋದ ತನ್ನ ದೂತರ ಮೂಲಕ ಬೀಜ, ಸಸಿಗಳನ್ನು ತರಿಸಿದ. 1799ರಲ್ಲಿ ಟಿಪ್ಪು ಮಡಿದ ಮರುವರ್ಷ, ಇಂಗ್ಲಿಷ್ ಸರ್ಕಾರ ಈ ಸೀಮೆಯ ಸ್ಥಿತಿಗತಿ ತಿಳಿಯಲು ಕಳಿಸಿದ ವೈದ್ಯ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನ ಈ ತೋಟಗಳನ್ನು ನೋಡಿದ. ಚೌಕಾಕಾರದ ಪಾತಿಗಳು, ನಡುವೆ ಕಾಲುದಾರಿ, ದಾರಿಯ ಇಕ್ಕೆಲ ಸೈಪ್ರೆಸ್ ಮರಗಳು. ಅವನಿಗೆ ವಿಶೇಷವೆನಿಸಿದ್ದು ಒಂದು ಸಂಗತಿ: ಒಂದು ಪಾತಿಗೆ ಒಂದೇ ಜಾತಿ. ಒಂದರಲ್ಲಿ ಬರೀ ಗುಲಾಬಿ, ಇನ್ನೊಂದರಲ್ಲಿ ಬರೀ ದಾಳಿಂಬೆ. ಆಫ್ರಿಕದ ದಕ್ಷಿಣ ತುದಿಯಿಂದ ಹೊಸದಾಗಿ ಬಂದ ಪೈನ್, ಓಕ್ ಸಸಿಗಳೂ ಅಲ್ಲಿದ್ದವು.

ಒಂದು ಪಾತಿಗೆ ಒಂದೇ ಜಾತಿ ಎಂಬುದು ಬರೀ ಶೋಭೆಯ ಮಾತಲ್ಲ ಎಂದು ನನ್ನ ಅಭಿಪ್ರಾಯ. ನೀರು ಹಾಯಿಸುವವನಿಗೆ ಇದರಷ್ಟು ಅನುಕೂಲದ ಕ್ರಮ ಇನ್ನೊಂದಿಲ್ಲ. ದಿನಾ ನೀರು ಬೇಕಾದ ಗಿಡ ಒಂದು ಕಡೆ, ನಾಲ್ಕು ದಿನಕ್ಕೊಮ್ಮೆ ಸಾಕೆನ್ನುವ ಗಿಡ ಇನ್ನೊಂದು ಕಡೆ. ಮೊದಲ ಬಾರಿಗೆ ಗಿಡ ಬೆಳೆಸುವವರು ನರ್ಸರಿಯಿಂದ ಆರು ಬಗೆ ತಂದು ಒಂದೇ ದೊಡ್ಡ ಕುಂಡದಲ್ಲಿ ತುಂಬುವುದನ್ನು ನೋಡಿದ್ದೇನೆ. ಮೂರು ಕೊಳೆಯುತ್ತವೆ, ಎರಡು ಒಣಗುತ್ತವೆ, ಉಳಿದ ಒಂದನ್ನು 'ಗಟ್ಟಿ ಗಿಡ' ಎಂದು ಹೊಗಳುತ್ತಾರೆ!

ಲಾಲ್‌ಬಾಗಿನ ಮುಂದಿನ ಚರಿತ್ರೆ ನಿಮಗೆ ಅಷ್ಟಿಷ್ಟು ಗೊತ್ತಿರಬಹುದು. ಕ್ಲೆಗಾರ್ನ್ ಎಂಬ ವೈದ್ಯರ ಶಿಫಾರಸಿನ ಮೇಲೆ 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. 1858ರಲ್ಲಿ ಲಂಡನ್ನಿನ ಕ್ಯೂ ಉದ್ಯಾನದಿಂದ ವಿಲಿಯಂ ನ್ಯೂ ಬಂದ, 1874ರಲ್ಲಿ ಜಾನ್ ಕ್ಯಾಮೆರಾನ್, 1908ರಲ್ಲಿ ಜರ್ಮನಿಯ ಕ್ರುಂಬಿಗಲ್. ಆ ಬಳಿಕ ಜವರಾಯ, ಮರೀಗೌಡ. ಒಂದು ಮರದ ಹೂವು ಮುಗಿಯುವಾಗ ಇನ್ನೊಂದು ಜಾತಿಯ ಮರ ಹೂಬಿಡುವಂತೆ ಬೆಂಗಳೂರಿನ ರಸ್ತೆಗಳಲ್ಲಿ ಸಾಲುಮರಗಳನ್ನು ಯೋಜಿಸಿದ ಕೀರ್ತಿ ಕ್ರುಂಬಿಗಲ್‌ಗೆ ಸಲ್ಲುತ್ತದೆ. ಈ ಹೆಸರುಗಳೆಲ್ಲ ಕಲ್ಲಿನ ಮೇಲೆ, ರಸ್ತೆಯ ಫಲಕದ ಮೇಲೆ, ಗ್ರಂಥಗಳಲ್ಲಿ ಉಳಿದಿವೆ. ಪಾತಿ ಅಗೆದವರ ಹೆಸರು? ಬೆಂಗಳೂರಿನ ಸುತ್ತ ತಲೆತಲಾಂತರದಿಂದ ಹೂವು, ತರಕಾರಿ ಬೆಳೆದವರು ತಿಗಳ ಸಮುದಾಯದವರು. ಲಾಲ್‌ಬಾಗಿನ ಕೆಲಸದಲ್ಲೂ ಅವರ ಕೈ ದೊಡ್ಡದು. ಪರದೇಶದ ಬೀಜ ಹಡಗಿನಲ್ಲಿ ಬಂದಿಳಿದರೆ ಅದರ ಜೊತೆ ಸೂಚನೆಯ ಚೀಟಿ ಇದ್ದರೂ ಆ ಚೀಟಿ ಇನ್ನೊಂದು ದೇಶದ ಹವೆಗೆ ಬರೆದದ್ದು. ಇಲ್ಲಿ ಜೂನ್‌ನಲ್ಲಿ ಬಿತ್ತಬೇಕೋ ಸೆಪ್ಟೆಂಬರ್‌ನಲ್ಲೋ, ಕೆಂಪುಮಣ್ಣಿಗೆ ಮರಳೆಷ್ಟು ಬೆರೆಸಬೇಕು ಎಂಬುದನ್ನು ಯಾರೋ ಮೊಣಕಾಲೂರಿ ಕುಳಿತು, ಮೂರು ಸಲ ಕೆಡಿಸಿ, ನಾಲ್ಕನೆಯ ಸಲ ಕಂಡುಹಿಡಿಯಲೇಬೇಕಿತ್ತು. ಆ ಪ್ರಯೋಗಗಳ ದಾಖಲೆ ಬಹಳ ಮಟ್ಟಿಗೆ ಇಲ್ಲ. ನಿಮ್ಮ ಕುಂಡದ ಮುಂದೆ ನೀವು ಕುಳಿತಾಗ ನೀವೂ ಸರಿಯಾಗಿ ಆ ಹೆಸರಿಲ್ಲದವರ ಜಾಗದಲ್ಲೇ ಕುಳಿತಿರುತ್ತೀರಿ. ಒಂದೇ ವ್ಯತ್ಯಾಸ, ನಿಮ್ಮ ಹತ್ತಿರ ನೋಟ್‌ಬುಕ್ ಇದೆ. ಬಿತ್ತಿದ ದಿನ, ಮೊಳೆತ ದಿನ, ಮೊದಲ ಮೊಗ್ಗಿನ ದಿನ, ಇಷ್ಟನ್ನು ಬರೆದಿಡಿ.

ಹಡಗಿನ ಮಾತು ಬಂತು. ಗಿಡಗಳಿಗೆ ಆ ಪ್ರಯಾಣ ಎಷ್ಟು ಘೋರವಾಗಿತ್ತೆಂದರೆ, ಚೀನದಲ್ಲಿದ್ದ ಲಿವಿಂಗ್‌ಸ್ಟನ್ ಎಂಬ ವೈದ್ಯ 1819ರಲ್ಲಿ ಮಾಡಿದ ಅಂದಾಜಿನಂತೆ ಅಲ್ಲಿಂದ ಇಂಗ್ಲೆಂಡಿಗೆ ಹೊರಟ ಸಾವಿರ ಗಿಡಗಳಲ್ಲಿ ಬದುಕಿ ತಲಪುತ್ತಿದ್ದುದು ಒಂದು. ಉಪ್ಪುಗಾಳಿ, ಬಿಸಿಲು, ಸಿಹಿನೀರಿನ ಬರ. ಕುಡಿಯುವ ನೀರು ನಾವಿಕರಿಗೇ ಸಾಲದಿರುವಾಗ ಗಿಡಕ್ಕೆ ಯಾರು ಹಾಕುತ್ತಾರೆ? ಇದಕ್ಕೆ ಪರಿಹಾರ ಸಿಕ್ಕಿದ್ದು ಒಂದು ಚಿಟ್ಟೆಯ ಕೋಶದ ದೆಸೆಯಿಂದ. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ 1829ರಲ್ಲಿ ಪತಂಗದ ಕೋಶವೊಂದನ್ನು ಹಸಿಮಣ್ಣಿನಲ್ಲಿ ಹೂತು, ಬಾಟಲಿಯಲ್ಲಿಟ್ಟು ಮುಚ್ಚಿದ. ಪತಂಗ ಏನಾಯಿತೋ, ಮಣ್ಣಿನಲ್ಲಿ ಒಂದು ಪುಟ್ಟ ಜರೀಗಿಡವೂ ಹುಲ್ಲೂ ಮೊಳೆತವು! ಲಂಡನ್ನಿನ ಕಲ್ಲಿದ್ದಲ ಹೊಗೆಯಲ್ಲಿ ಅವನ ತೋಟದ ಜರೀಗಿಡಗಳು ಸಾಯುತ್ತಿದ್ದವು. ಮುಚ್ಚಿದ ಬಾಟಲಿಯಲ್ಲಿ ನೀರೇ ಹಾಕದೆ ಬದುಕಿದವು. ಹಗಲು ಮಣ್ಣಿನಿಂದ, ಎಲೆಯಿಂದ ಎದ್ದ ಆವಿ ಗಾಜಿಗೆ ತಾಗಿ ಹನಿಯಾಗಿ ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. 1833ರಲ್ಲಿ ವಾರ್ಡ್ ಎರಡು ಗಾಜಿನ ಪೆಟ್ಟಿಗೆಗಳನ್ನು ಹಡಗಿನಲ್ಲಿ ಸಿಡ್ನಿಗೆ ಕಳಿಸಿದ. ಹಲವು ತಿಂಗಳ ಪ್ರಯಾಣದ ನಂತರವೂ ಗಿಡ ಜೀವಂತವಾಗಿದ್ದವು. ಮುಂದೆ ಚೀನದ ಚಹಾ ಗಿಡಗಳು ಹಿಮಾಲಯದ ತಪ್ಪಲಿಗೆ ಬಂದದ್ದು ಇಂಥ ಪೆಟ್ಟಿಗೆಗಳಲ್ಲೇ. ಸಾಮ್ರಾಜ್ಯಗಳ ಚರಿತ್ರೆಯಲ್ಲಿ ಫಿರಂಗಿಯಷ್ಟೇ ಕೆಲಸವನ್ನು ಈ ಗಾಜಿನ ಪೆಟ್ಟಿಗೆಯೂ ಮಾಡಿದೆ.

ನೀವೂ ಇದನ್ನು ಮಾಡಿ ನೋಡಬಹುದು. ದಾಸವಾಳದ ಅಥವಾ ಗುಲಾಬಿಯ ಗೇಣುದ್ದದ ಕಡ್ಡಿಯನ್ನು ಹಸಿ ಮರಳುಮಣ್ಣಿನಲ್ಲಿ ನೆಟ್ಟು, ಮೇಲೆ ತಳ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿಯನ್ನು ಮಗುಚಿ. ನೇರ ಬಿಸಿಲಿಗೆ ಇಡಬೇಡಿ, ಒಳಗೆ ಬೆಂದುಹೋಗುತ್ತದೆ. ಬೇರಿಲ್ಲದ ಕಡ್ಡಿಗೆ ನೀರು ಹೀರುವ ಶಕ್ತಿ ಕಡಮೆ, ಎಲೆಯಿಂದ ಆವಿಯಾಗುವುದು ಮಾತ್ರ ನಿಲ್ಲುವುದಿಲ್ಲ. ಬೇರು ಬರುವವರೆಗೆ ಬಾಟಲಿ ಆ ನಷ್ಟವನ್ನು ತಡೆಯುತ್ತದೆ. ಅಂದಹಾಗೆ, ಲಾಲ್‌ಬಾಗಿನ ಗಾಜಿನ ಮನೆಯ ಉದ್ದೇಶ ಇದಲ್ಲ. 1889ರ ನವೆಂಬರ್ 30ರಂದು ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅದಕ್ಕೆ ಅಡಿಗಲ್ಲು ಹಾಕಿದ. ಚಳಿದೇಶದಲ್ಲಿ ಗಾಜಿನ ಮನೆ ಬೆಚ್ಚಗಿಡಲು. ಬೆಂಗಳೂರಿಗೆ ಬೆಚ್ಚನೆಯ ಕೊರತೆ ಎಲ್ಲಿ? ಇಲ್ಲಿ ಅದು ಫಲಪುಷ್ಪ ಪ್ರದರ್ಶನದ ಸಭಾಂಗಣವಾಯಿತು. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಪ್ರದರ್ಶನಗಳಿಗೆ ಹೋದಾಗ ತಲೆಯೆತ್ತಿ ಆ ಕಬ್ಬಿಣದ ಕಮಾನುಗಳನ್ನೂ ಒಮ್ಮೆ ನೋಡಿ.

ಬೋಗನ್‌ವಿಲ್ಲಾ, ನಮ್ಮವರು 'ಕಾಗದದ ಹೂ' ಎನ್ನುತ್ತಾರಲ್ಲ, ಅದರ ಕಥೆಯಲ್ಲಿ ಇನ್ನೊಬ್ಬ ಮರೆಯಾದ ವ್ಯಕ್ತಿ ಇದ್ದಾಳೆ. 1766ರಲ್ಲಿ ಫ್ರಾನ್ಸಿನ ಬೋಗನ್‌ವಿಲ್ ಎಂಬಾತ ಭೂಪ್ರದಕ್ಷಿಣೆಗೆ ಹೊರಟ. ಆ ಯಾತ್ರೆಯ ಸಸ್ಯಶಾಸ್ತ್ರಜ್ಞ ಕಾಮರ್ಸನ್. ಅವನ ಜೊತೆ ಒಬ್ಬ ಹುಡುಗ ಸಹಾಯಕ. ಭಾರ ಹೊರುವುದು, ಬೆಟ್ಟ ಹತ್ತುವುದು, ಗಿಡ ಒತ್ತಿ ಒಣಗಿಸುವುದು ಎಲ್ಲ ಆ ಸಹಾಯಕನದೇ. 1767ರಲ್ಲಿ ಬ್ರೆಜಿಲಿನ ರಿಯೊ ಬಂದರಿನ ಬಳಿ ಈ ಬಳ್ಳಿ ಸಿಕ್ಕಿತು. ಮರುವರ್ಷ ತಾಹಿತಿ ದ್ವೀಪದ ಹೊತ್ತಿಗೆ ಗುಟ್ಟು ರಟ್ಟಾಯಿತು: ಸಹಾಯಕ ಹುಡುಗನಲ್ಲ, ಜೀನ್ ಬರೆ ಎಂಬ ಹೆಣ್ಣು! ಫ್ರಾನ್ಸಿನ ನೌಕಾದಳದ ಹಡಗಿಗೆ ಹೆಂಗಸರು ಹತ್ತುವಂತಿರಲಿಲ್ಲ. ಗಂಡುವೇಷ ತೊಟ್ಟೇ ಆಕೆ ಬಂದಿದ್ದಳು. ಕಾಮರ್ಸನ್‌ಗೆ ಕಾಲಿನ ಹುಣ್ಣು ಇದ್ದುದರಿಂದ ಆ ಬಳ್ಳಿಯನ್ನು ಕಿತ್ತು ತಂದವಳು ಆಕೆಯೇ ಇರಬೇಕೆಂದು ಊಹಿಸುವವರೂ ಉಂಟು. ಭೂಮಿಯನ್ನು ಸುತ್ತಿ ಬಂದ ಮೊದಲ ಮಹಿಳೆ ಎಂದು ಇಂದು ಆಕೆಯನ್ನು ಗುರುತಿಸುತ್ತಾರೆ. ಬಳ್ಳಿಗೆ ಮಾತ್ರ ನೌಕಾಧಿಪತಿಯ ಹೆಸರು. ಜೀನ್ ಬರೆಯ ಹೆಸರನ್ನು ಒಂದು ಗಿಡಕ್ಕೆ ಇಟ್ಟದ್ದು 2012ರಲ್ಲಿ. ಅದು ಬದನೆಯ ಕುಲಕ್ಕೆ ಸೇರಿದ ಒಂದು ದಕ್ಷಿಣ ಅಮೆರಿಕದ ಸಸ್ಯ.

ಬೋಗನ್‌ವಿಲ್ಲಾ ಬೆಳೆಸುವವರಿಗೆ ಒಂದು ಮಾತು. ಅದರ ಬಣ್ಣದ ಭಾಗ ಹೂವಲ್ಲ, ಬಣ್ಣ ತಳೆದ ಎಲೆ. ನಡುವೆ ಇರುವ ಚಿಕ್ಕ ಬಿಳಿ ಕೊಳವೆಯೇ ಹೂವು. ಒಣಗಾಲ ಕಂಡ ಬಳ್ಳಿ ಇದು. ಬಹಳ ನೀರು, ಗೊಬ್ಬರ ಕೊಟ್ಟರೆ ಹಸಿರು ಎಲೆಯನ್ನೇ ಬೆಳೆಸುತ್ತಾ ಸುಖವಾಗಿರುತ್ತದೆ. ಸ್ವಲ್ಪ ಬಾಯಾರಿಸಿ, ಪೂರ್ಣ ಬಿಸಿಲಿಗಿಡಿ.

ಸೇವಂತಿಗೆಯ ತವರು ಚೀನ. ಇದು ಚಳಿಗಾಲದ ಹೊಸ್ತಿಲಲ್ಲಿ ಏಕೆ ಅರಳುತ್ತದೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು ತಂಬಾಕಿನ ಹೊಲದಲ್ಲಿ. ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್, ಬೇಸಿಗೆಯಲ್ಲಿ ಹೂಬಿಡದ ಒಂದು ತಂಬಾಕು ತಳಿಯನ್ನು ಮಧ್ಯಾಹ್ನವೇ ಕತ್ತಲ ಕೋಣೆಗೆ ಸಾಗಿಸಿ ನೋಡಿದರು. ಹಗಲು ಗಿಡ್ಡವಾದೊಡನೆ ಹೂವು ಬಂತು! 1920ರಲ್ಲಿ ಅವರ ಪ್ರಬಂಧ ಪ್ರಕಟವಾಯಿತು: ಎಷ್ಟೋ ಗಿಡಗಳು ಹಗಲಿರುಳಿನ ಉದ್ದವನ್ನು ಅಳೆದು ಹೂಬಿಡುತ್ತವೆ. ಸೇವಂತಿಗೆಗೆ ಉದ್ದದ ಇರುಳು ಬೇಕು. ಆದ್ದರಿಂದ ಅದರ ಕುಂಡವನ್ನು ಬೀದಿದೀಪದ ಕೆಳಗೆ ಇಟ್ಟರೆ ಹೂವು ತಡವಾಗುತ್ತದೆ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ರಾತ್ರಿ ಬಸ್ಸಿನಲ್ಲಿ ಹೋಗುವಾಗ ಹೊಲದ ತುಂಬ ಬಲ್ಬು ಉರಿಯುವುದನ್ನು ನೀವು ನೋಡಿರಬಹುದು. ಅದು ಜಾತ್ರೆಯಲ್ಲ. ಬೆಲೆ ಬರುವ ಹಬ್ಬದವರೆಗೆ ಸೇವಂತಿಗೆಯ ಮೊಗ್ಗನ್ನು ತಡೆಹಿಡಿಯಲು ರೈತರು ಹೂಡಿದ ಉಪಾಯ. ಗಾರ್ನರ್, ಅಲಾರ್ಡ್ ಹೆಸರು ಕೇಳದವರೂ ಅವರ ಸಿದ್ಧಾಂತವನ್ನು ಅಲ್ಲಿ ದಿನವೂ ಬಳಸುತ್ತಿದ್ದಾರೆ.

ನೀರು ಹಾಕಲು ಮರೆಯುವವರಿಗೆ ನಾನು ಹೇಳುವ ಗಿಡ ನಿತ್ಯಪುಷ್ಪ, ಕಾಶಿ ಕಣಗಿಲೆ ಎಂದೂ ಕರೆಯುತ್ತಾರೆ. ಮಡಗಾಸ್ಕರ್ ದ್ವೀಪದ್ದು. ಸಕ್ಕರೆ ಕಾಯಿಲೆಗೆ ಮದ್ದೆಂಬ ಜನರ ನಂಬಿಕೆಯನ್ನು ಪರೀಕ್ಷಿಸಲು ಹೊರಟ ಕೆನಡಾದ ನೋಬಲ್ ಮತ್ತು ಬಿಯರ್ ಎಂಬ ವಿಜ್ಞಾನಿಗಳು, ಇದರ ರಸ ರಕ್ತದ ಬಿಳಿಕಣಗಳನ್ನು ಇಳಿಸುವುದನ್ನು ಕಂಡು 1958ರಲ್ಲಿ ವಿನ್‌ಬ್ಲಾಸ್ಟಿನ್ ಎಂಬ ವಸ್ತುವನ್ನು ಪ್ರಕಟಪಡಿಸಿದರು. ಅದೂ, ಇದೇ ಗಿಡದ ವಿನ್‌ಕ್ರಿಸ್ಟಿನ್ನೂ ಇಂದು ಕ್ಯಾನ್ಸರಿನ ಔಷಧಗಳು. ಮಕ್ಕಳ ರಕ್ತದ ಕ್ಯಾನ್ಸರಿಗೆ ವಿನ್‌ಕ್ರಿಸ್ಟಿನ್ ಬಹಳ ಮುಖ್ಯ. ಹಾಗೆಂದು ಎಲೆ ಕಿತ್ತು ಕಷಾಯ ಮಾಡಬೇಡಿ, ಅದು ವಿಷ. ಕುಂಡದಲ್ಲಿ ನೋಡಲು ಇರಲಿ.

ಇಲ್ಲಿಯವರೆಗೆ ಬಂದ ಅತಿಥಿಗಳೆಲ್ಲ ಸಭ್ಯರು. ಎಲ್ಲರೂ ಹಾಗಲ್ಲ. ಉಷ್ಣವಲಯದ ಅಮೆರಿಕದ ಲಂಟಾನವನ್ನು 1809ರಲ್ಲಿ ಕಲ್ಕತ್ತದ ಸಸ್ಯೋದ್ಯಾನಕ್ಕೆ ತಂದರು. ಕಾರಣ ಬಹಳ ಮುಗ್ಧವಾದದ್ದು: ಹೂವು ಚೆಂದ. ಹಳದಿ, ಕಿತ್ತಳೆ, ಗುಲಾಬಿ ಒಂದೇ ಗೊಂಚಲಲ್ಲಿ. ಬೇಲಿಗೆ ನೆಟ್ಟರು, ಹಕ್ಕಿಗಳು ಹಣ್ಣು ತಿಂದು ಬೀಜ ಒಯ್ದವು, ದನಕರುಗಳು ಅದರ ಎಲೆ ಮುಟ್ಟಲಿಲ್ಲ. ಇಂದು ಬಂಡೀಪುರದ ರಸ್ತೆಯಲ್ಲಿ ಹೋದರೆ ಮರಗಳ ಕೆಳಗೆ ಹುಲ್ಲಿರಬೇಕಾದ ಕಡೆ ಲಂಟಾನದ ಪೊದೆ. ಹುಲ್ಲಿಲ್ಲದಿದ್ದರೆ ಜಿಂಕೆ ಏನು ತಿನ್ನಬೇಕು? ನಮ್ಮ ದೇಶದ ಹುಲಿಗಳ ನೆಲೆಯಾದ ಅರಣ್ಯದಲ್ಲಿ ಶೇಕಡ 40ಕ್ಕೂ ಹೆಚ್ಚು ಭಾಗಕ್ಕೆ ಅದು ಹಬ್ಬಿದೆಯೆಂದು 2020ರ ಒಂದು ಅಧ್ಯಯನ ತಿಳಿಸಿತು. ಮಲೆಮಹದೇಶ್ವರ ಬೆಟ್ಟದ ಕಡೆ ಇದರ ಕಡ್ಡಿಯಿಂದ ಕುರ್ಚಿ, ಮೇಜು ಹೆಣೆಯುವುದನ್ನು ಜನ ಕಲಿತಿದ್ದಾರೆ. ಒಳ್ಳೆಯ ಕೆಲಸ, ಆದರೆ ಪೊದೆ ಬೆಳೆಯುವ ವೇಗಕ್ಕೆ ಕುರ್ಚಿ ಸಾಟಿಯಾಗದು. ದಕ್ಷಿಣ ಅಮೆರಿಕದ ವಾಟರ್ ಹಯಸಿಂತ್ ಎಂಬ ಜಲಕಳೆಯದೂ ಇದೇ ಕಥೆ. ಅದರ ನೇರಳೆ ಹೂವಿಗೆ ಮರುಳಾಗಿ ಕೊಳದಲ್ಲಿ ಬಿಟ್ಟರು, ಈಗ ಕೆರೆಗಳ ಉಸಿರು ಕಟ್ಟುತ್ತಿದೆ.

ಇಲ್ಲಿ ಯಾರೂ ಕೇಡು ಬಗೆಯಲಿಲ್ಲ. ತವರಿನಲ್ಲಿ ಈ ಗಿಡವನ್ನು ತಿನ್ನುವ ಹುಳು ಯಾವುದು, ಅದು ಇಲ್ಲಿ ಇದೆಯೇ ಎಂದು ಕೇಳಲಿಲ್ಲ, ಅಷ್ಟೆ. ನರ್ಸರಿಯಲ್ಲಿ ಹೊಸ ಗಿಡ ಕೊಳ್ಳುವಾಗ ನೀವು ಇಷ್ಟನ್ನಾದರೂ ಕೇಳಿ: ಇದರ ಬೀಜವನ್ನು ಹಕ್ಕಿ ಒಯ್ಯುತ್ತದೆಯೇ? ಕತ್ತರಿಸಿ ಎಸೆದ ತುಂಡು ಬೇರೂರುತ್ತದೆಯೇ? ಹೌದು ಎಂದರೆ, ಕಾಡಂಚಿನ ಊರಿನವರಾದ ನೀವು ಅದನ್ನು ಅಲ್ಲೇ ಬಿಟ್ಟುಬನ್ನಿ. ಮೀನಿನ ತೊಟ್ಟಿಯ ಗಿಡಗಳನ್ನು ಕೆರೆಗೆ ಚೆಲ್ಲಬೇಡಿ.

ಇನ್ನು ಕೆಲಸಕ್ಕೆ ಇಳಿಯೋಣ. ಆಯುಧಪೂಜೆಯ ಹಾರ ಒಣಗಿದ ಮೇಲೆ ಎಸೆಯಬೇಡಿ. ಚೆನ್ನಾಗಿ ಬಲಿತ ಒಂದು ಚೆಂಡು ಹೂವನ್ನು ಬಿಡಿಸಿ; ಅದು ಒಂದು ಹೂವಲ್ಲ, ನೂರಾರು ಕಿರುಹೂಗಳ ಸಭೆ. ಎಸಳಿನ ಬುಡದಲ್ಲಿ ಕಪ್ಪು ಕಡ್ಡಿಯಂಥ ಬೀಜ, ಅದರ ತುದಿಗೆ ಬಿಳಿಚು ಕುಚ್ಚು. ಎಳೆಯದಾಗಿ ಕೊಯ್ದ ಹೂವಿನಲ್ಲಿ ಬೀಜ ಜೊಳ್ಳಾಗಿರುತ್ತದೆ, ಆದ್ದರಿಂದ ಹತ್ತಾರು ಹೂವು ಬಿಡಿಸಬೇಕಾದೀತು. ಮಿಶ್ರತಳಿಯ ಹೂವಾದರೆ ಮಕ್ಕಳು ತಾಯಿಯಂತೆಯೇ ಇರುತ್ತವೆಂಬ ಭರವಸೆ ಇಲ್ಲ. ಬಣ್ಣ, ಗಾತ್ರ ಬದಲಾಗಬಹುದು. ಅದೂ ಮೆಂಡೆಲನ ಪಾಠವೇ. ಬೀಜವನ್ನು ಕಾಗದದ ಪೊಟ್ಟಣದಲ್ಲಿಟ್ಟು ತಿಂಗಳು ಬರೆಯಿರಿ.

ಜುಲೈನಲ್ಲಿ ಬಿತ್ತಿದರೆ ದಸರೆಯ ಹೊತ್ತಿಗೆ ಹೂವು ಸಿಗುತ್ತದೆ. ತಳದಲ್ಲಿ ತೂತಿರುವ ಕುಂಡ ಬೇಕು, ತೂತಿನ ಮೇಲೆ ಹೆಂಚಿನ ಚೂರು. ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಬೇರಿಗೂ ಉಸಿರಾಟ ಉಂಟು. ಮಣ್ಣಿನ ಸಂದುಗಳಲ್ಲೆಲ್ಲ ನೀರೇ ತುಂಬಿದರೆ ಗಾಳಿಗೆ ಜಾಗವಿಲ್ಲ. ಹೊಸಬರ ಗಿಡಗಳು ಸಾಯುವುದು ಬಾಯಾರಿ ಅಲ್ಲ, ಹೆಚ್ಚಾಗಿ ಮುಳುಗಿ. ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ, ಒಣಗಿದ್ದರೆ ಮಾತ್ರ ನೀರು. ಬೀಜದ ಮೇಲೆ ತೆಳುವಾಗಿ ಮಣ್ಣು ಉದುರಿಸಿ, ಬಿಸಿಲು ಬೀಳುವ ಕಡೆ ಇಡಿ. ಒಂದು ವಾರದೊಳಗೆ ಎರಡು ಉದ್ದನೆಯ ನಯವಾದ ಎಲೆಗಳು ಏಳುತ್ತವೆ. ಅವು ಚೆಂಡು ಹೂವಿನ ಎಲೆಯ ಹಾಗೆ ಇಲ್ಲವೆಂದು ಕಳೆ ಎಂದುಕೊಂಡು ಕಿತ್ತುಹಾಕಬೇಡಿ. ಅವು ಬೀಜದೆಲೆಗಳು. ಅಂಚು ಗರಗಸದಂತಿರುವ, ಸೀಳುಸೀಳಾದ ನಿಜವಾದ ಎಲೆ ಅವುಗಳ ನಡುವಿನಿಂದ, ಇನ್ನೂ ಕೆಲವು ದಿನ ಬಿಟ್ಟು ಬರುತ್ತದೆ.